ಸಂತ ಅಂತೋನಿಯವರ ಹಿಂದಿನ ದೀಪ

ಪಿಕಪ್ಪಿನ ಗೇರು ಕೆಟ್ಟಿದೆ ಎಂದು ಎಚ್ಚರಿಸುವ ದೀಪ ನಾಲ್ಕನೆಯ ಸಲ ಹತ್ತಿದಾಗ ಬೆನೆಡಿಕ್ಟ್ ಅದರ ಮೇಲೆ ಸಂತ ಅಂತೋನಿಯವರ ಸ್ಟಿಕ್ಕರ್ ಅಂಟಿಸಿಬಿಟ್ಟ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರನ್ನು ಎದುರಿಗಿದ್ದದ್ದನ್ನು ಮುಚ್ಚಿಡಲು ಬಳಸಿದ್ದು ತಪ್ಪೇ. ಆದರೆ ಅರುವತ್ತನಾಲ್ಕರ ಮನುಷ್ಯ ಹೆದರಿದರೆ ಏನು ತಾನೇ ಮಾಡುವುದಿಲ್ಲ?

ಹೆದರಿಕೆಗೆ ಕಾರಣವಿತ್ತು. ಮದುವೆ ಮನೆಗಳಿಗೆ ದೊಡ್ಡ ಹಂಡೆ, ಕಡಾಯಿ ಬಾಡಿಗೆಗೆ ಕೊಡುವುದು ಅವನ ಕಸುಬು. ಪಾತ್ರೆಗಳನ್ನು ತಾನೇ ಪಿಕಪ್ಪಿನಲ್ಲಿ ಒಯ್ದು, ಅಡುಗೆಯವರ ಜತೆ ನಾಲ್ಕು ಮಾತಾಡಿ, ಒಲೆಯ ಮೇಲಿದ್ದದ್ದರ ರುಚಿ ನೋಡಿ ಬರುವುದು ಅವನ ಬದುಕಿನ ಸುಖ. ಎಡಗಾಲಿನ ಮಂಡಿಗೆ ಆಪರೇಷನ್ ಆಗಿ ಡಾಕ್ಟರು ಕ್ಲಚ್ ತುಳಿಯಬಾರದು ಎಂದಾಗ ಆ ಸುಖಕ್ಕೇ ಸಂಚಕಾರ ಬಂತು. ಅಬುಧಾಬಿಯಲ್ಲಿದ್ದ ಮಗ ಡೆರಿಲ್ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಪಿಕಪ್ ತೆಗೆಸಿಕೊಟ್ಟ. ಎರಡು ತಿಂಗಳಲ್ಲಿ ದೀಪ ಮೂರು ಸಲ ಹತ್ತಿತು.

ದೀಪ ಹತ್ತಿದರೆ ಗಾಡಿ ಒಂದೇ ಗೇರಿನಲ್ಲಿ ಕೂತುಬಿಡುತ್ತದೆ, ಕೆಸರಿನಲ್ಲಿ ಕೂತ ಕೋಣನ ಹಾಗೆ. ಮೂರನೆಯ ಸಲ ಹತ್ತಿದ್ದು ನಂತೂರಿನ ಏರಿನಲ್ಲಿ, ಏಳು ಹಂಡೆ ಹೇರಿಕೊಂಡಿದ್ದಾಗ. ಹಿಂದಿನ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ, "ಎಂತ ಪೊರ್ಬುಗಳೇ, ಅಡುಗೆ ಇಲ್ಲೇ ಮಾಡುದಾ?" ಎಂದು, ಊರಿನವರು ಕ್ರೈಸ್ತರನ್ನು ಕರೆಯುವ ಮರ್ಯಾದೆಯಲ್ಲೇ, ಕೂಗಿದ್ದ.

ಸುದ್ದಿ ಅಬುಧಾಬಿಗೆ ಮುಟ್ಟಿತು. "ಪಪ್ಪಾ, ಇನ್ನೊಂದು ಸಲ ಹತ್ತಿದ್ರೆ ಮಾರುದೇ. ಆದಿತ್ಯವಾರ ಫೋನ್ ಮಾಡ್ತೇನೆ," ಎಂದ ಡೆರಿಲ್. ಗಾಡಿ ಹೋದರೆ ಬೆನೆಡಿಕ್ಟನಿಗೆ ಉಳಿಯುವುದು ಜೆಪ್ಪುವಿನ ಮನೆಯ ಜಗಲಿ, ಒಂದು ಕುರ್ಚಿ, ಸುಲಿಯಲು ಬೆಳ್ಳುಳ್ಳಿ. ಶುಕ್ರವಾರ ಸಂಜೆ ದೀಪ ಮತ್ತೆ ಹತ್ತಿತು. ಆಗಲೇ ಅಂತೋನಿಯವರು ಬಂದದ್ದು.

ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಶಾಹುಲ್ ಸ್ಕ್ಯಾನರ್ ಹಿಡಿದು ಮನೆಗೇ ಬಂದ. ದುಬೈಯ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಪಳಗಿದವನು. ಸೀಟಿನಲ್ಲಿ ಕೂತವನೇ, "ಇವರನ್ನು ಸ್ವಲ್ಪ ಬದಿಗೆ ಮಾಡಿ," ಎಂದು ಸಂತರಿಗೆ ಕೈ ತೋರಿಸಿದ. ಬೆನೆಡಿಕ್ಟ್ ಶಿಲುಬೆಯ ಗುರುತು ಹಾಕಿಕೊಂಡು ಸ್ಟಿಕ್ಕರ್ ಕಿತ್ತ. ದೀಪ ನಾಚಿಕೆಯಿಲ್ಲದೆ ಉರಿಯುತ್ತಿತ್ತು.

"ಅದೇ ಕೋಡ್," ಎಂದ ಶಾಹುಲ್. "ಪಿ ಝೀರೋ ಸೆವೆನ್ ಝೀರೋ ಫೈವ್. ಗೇರ್ ಲಿವರ್ ಎಲ್ಲಿ ಉಂಟು ಅಂತ ಗಾಡಿಗೆ ಗೊತ್ತಾಗ್ತಾ ಇಲ್ಲ."

"ನನಗೆ ಗೊತ್ತುಂಟಲ್ಲ ಮಾರಾಯ, ಸಾಲದಾ?"

"ಸಾಲುದಿಲ್ಲ. ಮೂರು ಸಲ ಅಳಿಸಿ ಕೊಟ್ಟೆ. ಈ ಸಲ ಯಾಕೆ ಬರ್ತದೆ ಅಂತ ನೋಡದೆ ಬಿಡುದಿಲ್ಲ."

ಲಿವರಿನ ಸುತ್ತಲಿನ ಮುಚ್ಚಳ ಬಿಚ್ಚಿದರೆ ಒಳಗೆ ತೇವ. ವಯರು ಸೇರುವ ಕಡೆ ಬಿಳಿ ಪುಡಿ ಕಟ್ಟಿತ್ತು. ಶಾಹುಲ್ ಅದನ್ನು ಬೆರಳಲ್ಲಿ ತೆಗೆದು ನಾಲಗೆಗೆ ಹಚ್ಚಿದ.

"ಉಪ್ಪು! ಪೊರ್ಬುಗಳೇ, ಸತ್ಯ ಹೇಳಿ. ಬಂದರಿನಿಂದ ಮೀನು ತಂದ್ರಾ?"

"ನನ್ನ ಗಾಡಿಯಲ್ಲಿ ಮೀನಾ!" ಬೆನೆಡಿಕ್ಟನಿಗೆ ರೋಷವೇ ಬಂತು. "ಹಂಡೆಗೆ ವಾಸನೆ ಹಿಡಿದ್ರೆ ಬಾಡಿಗೆಗೆ ಯಾರು ತೆಗೊಳ್ಳುದು?"

ಶಾಹುಲ್ ಮೂಸಿ ನೋಡಿದ. ಮೀನಿನ ವಾಸನೆ ನಿಜಕ್ಕೂ ಇರಲಿಲ್ಲ. ತಲೆ ಕೆರೆದುಕೊಂಡು ಎಲ್ಲವನ್ನೂ ಉಜ್ಜಿ, ಒಣಗಿಸಿ, ಮುಚ್ಚಳ ಹಾಕಿ ಕೋಡ್ ಅಳಿಸಿದ. ದೀಪ ಆರಿತು. "ನಂತೂರಿನವರೆಗೆ ಒಂದು ಟ್ರಯಲ್ ಹೋಗುವ," ಎಂದ. ಬೆನೆಡಿಕ್ಟ್ ಸ್ಟಿಯರಿಂಗ್ ಹಿಡಿದ.

"ನಿಲ್ಲಿ!"

ಅಡುಗೆಮನೆಯಿಂದ ಹೆಂಡತಿ ಜೂಲಿ ಓಡಿ ಬಂದಳು. ಕೈಯಲ್ಲಿ ಇಗರ್ಜಿಯ ಪವಿತ್ರ ಜಲದ ಬಾಟಲಿ, ಪಾದ್ರಿಗಳು ಉಪ್ಪು ಆಶೀರ್ವದಿಸಿ ಬೆರೆಸಿದ್ದು. ಗಾಡಿ ಹೊರಡುವ ಮೊದಲು ಗೇರಿಗೆ ಅದನ್ನು ಹಾಕುವುದು ಅವಳ ಕ್ರಮ. ಮೊದಲ ತಿಂಗಳು ಎರಡೇ ಹನಿ. ದೀಪ ಒಮ್ಮೆ ಹತ್ತಿದ ಮೇಲೆ ಒಂದು ಚಮಚ. ನಂತೂರಿನ ಮಾನಭಂಗದ ನಂತರ ಗಳಗಳನೆ. ಬೆನೆಡಿಕ್ಟ್ ದಿನಾ ನೋಡುತ್ತಿದ್ದ, ಆದರೆ ಯೋಚಿಸಿರಲಿಲ್ಲ. ಈಗ ಬಾಟಲಿಯನ್ನು ನೋಡಿದ, ಶಾಹುಲನನ್ನು ನೋಡಿದ. ಶಾಹುಲ್ ತನ್ನ ಸ್ಕ್ಯಾನರನ್ನು ನೋಡಿದ.

ಪಾಪ, ಅವನಾದರೂ ಏನು ಹೇಳಿಯಾನು? ಜೂಲಿ ಮೂವತ್ತು ವರ್ಷ ಗಣಿತ ಕಲಿಸಿದ ಟೀಚರು, ಏಳೆಂಟ್ಲಿ ಐವತ್ತನಾಲ್ಕು ಎಂದ ಶಾಹುಲನನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಅದೂ ಅಲ್ಲದೆ ಒಬ್ಬ ಬ್ಯಾರಿ ಮುಸಲ್ಮಾನರ ಹುಡುಗ ಅವಳಿಗೆ, ನಿಮ್ಮ ಇಗರ್ಜಿಯ ನೀರು ಹಾಕಬೇಡಿ ಎನ್ನುವುದುಂಟೆ? ನೀವೇ ಹೇಳಿ ಎಂದು ಬೆನೆಡಿಕ್ಟನನ್ನು ಕಣ್ಣಲ್ಲೇ ಬೇಡಿಕೊಂಡ. ಬೆನೆಡಿಕ್ಟನೋ, ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳಿಗೆ ಒಮ್ಮೆಯೂ ಬೇಡ ಎಂದವನಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಷ್ಟರಲ್ಲಿ ಬಾಟಲಿ ಬಾಗಿತು.

ಬೆನೆಡಿಕ್ಟ್ ಎರಡೂ ಕೈಗಳಿಂದ ಗೇರನ್ನು ಮುಚ್ಚಿಕೊಂಡ.

"ಕೈ ತೆಗೀರಿ."

"ತೆಗೆಯುದಿಲ್ಲ!" ಸ್ವರ ಕೇಳಿ ಅವನಿಗೇ ಗಾಬರಿಯಾಯಿತು. "ಜೂಲಿ, ಈ ಉಪ್ಪು ನೀರೇ ದೀಪ ಹತ್ತಿಸುದು. ಗಾಡಿ ಹೋದ್ರೆ ಆ ಜಗಲಿಯಲ್ಲಿ ಕೂತು ಸತ್ತುಹೋಗ್ತೇನೆ ನಾನು."

ಜೂಲಿ ತಿರುಗಿದಳು. "ಹೌದಾ ಶಾಹುಲ್?"

ಶಾಹುಲ್ ಕೈಕಟ್ಟಿ ನೆಟ್ಟಗೆ ನಿಂತ. "ಹೌದು ಟೀಚರ್. ಆಶೀರ್ವಾದದ್ದು ತಪ್ಪಲ್ಲ. ಉಪ್ಪಿನದ್ದು."

ದೀಪ ಹತ್ತಿದಷ್ಟೂ ನೀರು, ನೀರು ಹಾಕಿದಷ್ಟೂ ದೀಪ. ಟೀಚರಿಗೆ ಲೆಕ್ಕ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವಳ ಕಣ್ಣು ತುಂಬಿತು. "ಆ ಕಾಲು ಹಿಡ್ಕೊಂಡು ನೀವು ಲಾರಿಗಳ ಮಧ್ಯೆ ಹೋಗ್ತೀರಿ. ನನಗೆ ಹೆದರಿಕೆ ಆಗುದಿಲ್ವಾ? ಹೆದರಿದಷ್ಟು ಹಾಕಿದೆ."

ಈ ಮನೆಯಲ್ಲಿ ಹೆದರಿದವನು ತಾನೊಬ್ಬನೇ ಎಂದುಕೊಂಡಿದ್ದ ಬೆನೆಡಿಕ್ಟ್ ಗೇರಿನ ಮೇಲಿನ ಕೈಗಳನ್ನು ಮೆಲ್ಲಗೆ ತೆಗೆದ.

ಜೂಲಿ ಕಣ್ಣೊರೆಸಿಕೊಂಡಳು. "ಆದ್ರೆ ಆಶೀರ್ವಾದ ಇಲ್ಲದೆ ಗೇಟು ದಾಟ್ಲಿಕ್ಕಿಲ್ಲ. ಇಳೀರಿ ಕೆಳಗೆ." ಇಳಿದವನ ಮಂಡಿಗೆ ಗುರಿಯಿಟ್ಟು ಇಡೀ ಬಾಟಲಿ ಸುರಿದಳು. ಗುರಿ ತಪ್ಪಿ ನೀರು ಬಿದ್ದದ್ದು ಪ್ಯಾಂಟಿನ ಮುಂಭಾಗಕ್ಕೆ.

ಒದ್ದೆ ಪ್ಯಾಂಟು ನೋಡಿ ಶಾಹುಲ್, "ಸೀಟು ಚಂಡಿ ಆಗ್ತದೆ," ಎಂದು ಪ್ಲಾಸ್ಟಿಕ್ ಹಾಸಿದ. ಗಾಡಿ ನಂತೂರಿನ ಏರನ್ನು ಒಂದೊಂದೇ ಗೇರು ಬದಲಿಸುತ್ತ ಹತ್ತಿತು. ದೀಪದ ಸುಳಿವೇ ಇಲ್ಲ. ಸಿಗ್ನಲಿನಲ್ಲಿ ಪಕ್ಕಕ್ಕೆ ಬಂದ ಬಸ್ಸಿನಿಂದ ಅದೇ ಕಂಡಕ್ಟರ್ ಕೆಳಗೆ ಬಗ್ಗಿ ಪ್ಯಾಂಟು ನೋಡಿದ. "ಅಯ್ಯೋ ಪೊರ್ಬುಗಳೇ, ಅಷ್ಟು ಅರ್ಜೆಂಟ್ ಉಂಟಾದ್ರೆ ನೀವೇ ಮುಂದೆ ಹೋಗಿ!"

ಆದಿತ್ಯವಾರ ಪೂಜೆ ಮುಗಿಸಿ, ಇನ್ನೊಂದು ಬಾಟಲಿ ಮಂಡಿಗೆ ಸುರಿಸಿಕೊಂಡು, ಬೆನೆಡಿಕ್ಟ್ ಹಂಡೆ ಹೇರುತ್ತಿದ್ದಾಗ ಡೆರಿಲನ ಫೋನು ಬಂತು.

"ಪಪ್ಪಾ, ಗಾಡಿ ಹೇಗುಂಟು?"

"ಗಾಡಿ ಒಣಗಿ ಉಂಟು ಮಗಾ," ಎಂದ ಬೆನೆಡಿಕ್ಟ್, ಪ್ಯಾಂಟು ಹಿಂಡುತ್ತ. "ಇನ್ನು ಮೇಲೆ ನಾನೊಬ್ಬನೇ ಚಂಡಿ."