ಸೂಪರ್‌ವೈಸರನ ಬಾಣಂತನ

"ಹಿಡಿ, ಹಿಡಿ! ಹೆಣ ದಾಟೀತು!" ಎಂದು ಪಕ್ಕದ ಖೋಲಿಯ ಸಾಯಬಣ್ಣ ಕೂಗುವಷ್ಟರಲ್ಲಿ ಅವನ ಹೆಂಡತಿ ಜಟ್ಟೆಮ್ಮ ಬೆಕ್ಕಿನ ಕುತ್ತಿಗೆಯ ತೊಗಲಿಗೆ ಕೈ ಹಾಕಿಯಾಗಿತ್ತು. ಬೆಕ್ಕು ಸುಮ್ಮನೆ ಸಿಗಲಿಲ್ಲ. ದಿನ ತುಂಬಿದ ಬಸುರಿ, ಹೊಟ್ಟೆ ನೆಲಕ್ಕೆ ತಾಗುವಂತಿತ್ತು. ಆದರೂ ಹಿಂಗಾಲಿನಿಂದ ಅವಳ ಮುಂಗೈ ಕೆರೆದು ರಕ್ತ ಬರಿಸಿತು. ಪಾಪ, ಅದಕ್ಕೆ ಬೇಕಾಗಿದ್ದುದು ಹೆಣವಲ್ಲ, ಹೆಣದ ಹಿಂದಿನ ಮೂಲೆ. ನಿನ್ನೆಯವರೆಗೆ ಅಲ್ಲಿ ಮೊಟ್ಟೆಯಂಗಡಿಯಿಂದ ತಂದ ರಟ್ಟಿನ ಡಬ್ಬವಿತ್ತು, ಡಬ್ಬದೊಳಗೆ ಪೀರಮ್ಮನ ಹಳೇ ಸೀರೆ ಹಾಸಿತ್ತು. ಈಗ ಡಬ್ಬ ಹೊರಗೆ ನಲ್ಲಿಯ ಪಕ್ಕ ನೆನೆಯುತ್ತಿತ್ತು. ಮೂಲೆಯಲ್ಲಿ ಪೀರಮ್ಮನೇ ಗೋಡೆಗೊರಗಿ ಕುಳಿತಿದ್ದಳು. ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಗದ್ದ ಜೋತುಬೀಳದಂತೆ ಕಟ್ಟಿದ ಬಿಳಿ ಪಟ್ಟಿ.

ಗರುಡಾಚಾರ್‌ಪಾಳ್ಯದ ಆ ಸಾಲುಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಜಟ್ಟೆಮ್ಮ ಬೆಕ್ಕನ್ನು ಅದರೊಳಗೆ ತಳ್ಳಿ ಬಾಗಿಲು ಎಳೆದು ಹಿಡಿದಳು. ಪೀರಮ್ಮನ ಮಗ ಮುತ್ತಣ್ಣ ಇಟ್ಟಿಗೆ ತುಂಡು ತಂದು ಚಿಲಕವನ್ನು ದಡದಡ ಬಡಿದು ಕೂರಿಸಿದ. ತುಕ್ಕು ಹಿಡಿದ ಚಿಲಕ ಅದು. ಹಾಕುವುದಕ್ಕೂ ತೆಗೆಯುವುದಕ್ಕೂ ಇಟ್ಟಿಗೆ ಬೇಕು, ಬಡಿದರೆ ಬೀದಿಗೆಲ್ಲ ಕೇಳಬೇಕು. ಬಾಗಿಲನ್ನು ಮೊಣಕಾಲಿನಿಂದ ಒತ್ತಿ, ಕೊಂಚ ಮೇಲೆತ್ತಿ, ಸದ್ದಿಲ್ಲದೆ ಸರಿಸುವ ಮರ್ಮ ಗೊತ್ತಿದ್ದವಳು ಪೀರಮ್ಮ ಒಬ್ಬಳೇ ಎಂದು ಸಾಲಿನವರ ನಂಬಿಕೆ. ಅವಳು ಅದನ್ನು ಜಟ್ಟೆಮ್ಮನಿಗೂ ಹೇಳಿಕೊಟ್ಟಿದ್ದಳು. ಅದೇನು ಊರಿಗೆಲ್ಲ ಸಾರುವ ವಿದ್ಯೆಯೇ? ಜಟ್ಟೆಮ್ಮ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಮುತ್ತಣ್ಣ ಕೆ.ಆರ್. ಪುರದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಅವನ ಹೆಂಡತಿ ಲಕ್ಷ್ಮಿದೇವಿಯೂ ಬಸುರಿ. ಬಸುರಿಯಾದವಳು ಹೆಣ ನೋಡಬಾರದೆಂದು ಅವಳನ್ನು ಜಟ್ಟೆಮ್ಮನ ಖೋಲಿಯಲ್ಲಿ ಕೂರಿಸಿದ್ದರು. ಅಂತೂ ಇಬ್ಬರು ಬಸುರಿಯರನ್ನೂ ಹೆಣದಿಂದ ದೂರ ಇಟ್ಟಂತಾಯಿತು. ಒಬ್ಬಳಿಗೆ ಕುರ್ಚಿ ಮತ್ತು ಫ್ಯಾನು, ಇನ್ನೊಬ್ಬಳಿಗೆ ಬಚ್ಚಲು.

ಮನೆಯ ಮಾಲೀಕಳಾದ ನಾಗರತ್ನಾ ಹಾರ ಹಾಕಿ, ಕೈಮುಗಿದು, ಹೊರಗೆ ಬಂದು ಮೊದಲು ಕೇಳಿದ್ದು ಅದನ್ನೇ.

"ಆ ಬೆಕ್ಕಿನ ಕತೆ ಏನು ಜಟ್ಟೆಮ್ಮಾ? ಇಲ್ಲೇ ಮರಿ ಹಾಕ್ಬಿಟ್ರೆ ಆಮೇಲೆ ಯಾರ್ ಬರ್ತಾರೆ ಈ ರೂಮಿಗೆ? ನಾನು ಬೇರೆಯವ್ರಿಗೆ ತೋರಿಸ್ಬೇಕಲ್ವಾ?"

ಜಟ್ಟೆಮ್ಮ ಉತ್ತರ ಹುಡುಕುವ ಮೊದಲೇ ಮುತ್ತಣ್ಣ ಹೇಳಿದ: "ಮಣ್ಣ ಮುಗಿಸ್ಕೊಂಡ ಬಂದು ನಾನೇ ಒಯ್ತೀನ್ರಿ ಅಕ್ಕಾರ. ಚೀಲಾ ತಂದೀನಿ." ಟ್ಯಾಂಕರಿನಿಂದ ತಂದಿದ್ದ ಖಾಲಿ ಸಿಮೆಂಟು ಚೀಲ ಅವನ ಕಂಕುಳಲ್ಲೇ ಇತ್ತು. "ರಸೆಲ್ ಮಾರುಕಟ್ಟಿ ಹಿಂದ ಬಿಟ್ಟು ಬರ್ತೀನಿ. ಮಾಂಸದಂಗಡಿ ಅದಾವ, ತಿಂದು ಬದಕ್ತದ."

"ಇವತ್ತೋ ನಾಳೆಯೋ ಹಡಿಯೋದದ ಮುತ್ತಣ್ಣ," ಎಂದಳು ಜಟ್ಟೆಮ್ಮ. "ಅಲ್ಲಿ ನಾಯಿ ಹಿಂಡ ಹಿಂಡ ತಿರಗ್ತಾವ."

"ನಮ್ಮನಿಗೆ ಒಯ್ಯಾಕ ಬರಂಗಿಲ್ಲ ಚಿಗವ್ವ. ಬಸುರಿ ಇರೋ ಮನ್ಯಾಗ ಬೆಕ್ಕ ಬ್ಯಾಡಂದಾರ ಡಾಕ್ಟರು. ನೀ ಇಟ್ಕೊಂತೇನು?"

ಜಟ್ಟೆಮ್ಮ ಗಂಡನ ಕಡೆ ನೋಡಿದಳು.

"ನನ್ನ ಮಾರಿ ಯಾಕ ನೋಡ್ತಿ?" ಎಂದ ಸಾಯಬಣ್ಣ. "ಮನಷ್ಯಾರಿಗೇ ಕಾಲ ಚಾಚಾಕ ಜಾಗಿಲ್ಲ."

ತಾಯಿಯ ಹೆಣ ಮುಂದಿಟ್ಟುಕೊಂಡು ನಿಂತವನ ಜೊತೆ ಬೆಕ್ಕಿಗಾಗಿ ಜಗಳ ತೆಗೆಯುವುದುಂಟೆ? ಬಚ್ಚಲಿನಿಂದ ಬೆಕ್ಕು ಕೂಗುತ್ತಲೇ ಇತ್ತು.

*

ಅದಕ್ಕೆ ಸೂಪರ್‌ವೈಸರ್ ಎಂದು ಹೆಸರಿಟ್ಟವಳು ಪೀರಮ್ಮ. ಅವಳು ನೆಲ ಒರೆಸುತ್ತಿದ್ದ ಆಫೀಸಿನಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ. ಒರೆಸಿದ ನೆಲ ಆರುವ ಮೊದಲೇ ಬೂಟುಕಾಲಿನಲ್ಲಿ ಅದರ ಮೇಲೆ ನಡೆದು ಬಂದು, ಕೈ ಹಿಂದೆ ಕಟ್ಟಿಕೊಂಡು, "ಏನಮ್ಮ, ಇಲ್ಲೆಲ್ಲ ಹೆಜ್ಜೆ ಮೂಡೈತೆ" ಎನ್ನುವ ಪುಣ್ಯಾತ್ಮ. ಸಂಜೆ ಅವಳು ತನ್ನ ಖೋಲಿಯ ನೆಲ ಒರೆಸಿದರೆ ಈ ಬೀದಿ ಬೆಕ್ಕೂ ಅಷ್ಟೇ: ಹಸಿ ನೆಲದ ಮೇಲೆ ಹೆಜ್ಜೆ ಮೂಡಿಸಿಕೊಂಡು ಒಳಗೆ ಬಂದು, ಮೂಲೆಯಲ್ಲಿ ಕುಳಿತು, ಅವಳನ್ನೇ ದಿಟ್ಟಿಸುತ್ತಿತ್ತು.

"ಬಂದ ನೋಡು ನಮ್ಮ ಸೂಪರ್‌ವೈಸರ್," ಎಂದು ಪೀರಮ್ಮ ನಗುತ್ತಿದ್ದಳು. "ಅಲ್ಲಿ ಒಬ್ಬಾಂವ ಸಾಲ್ದಂತ ಇಲ್ಲೊಬ್ಬಾಂವ."

ಸೂಪರ್‌ವೈಸರನ ಹೊಟ್ಟೆ ದಪ್ಪಗಾದಾಗ ತಿಂದು ಕೊಬ್ಬಿದ್ದಾನೆ ಎಂದುಕೊಂಡಳು. ನಿಜ ಹೇಳಿದವನು ಬೀದಿಯ ತುದಿಯ ಕೋಳಿ ಅಂಗಡಿಯ ಖಾದರ್.

"ಅಮ್ಮಾ, ನಿಮ್ ಸೂಪರ್‌ವೈಸರ್‌ಗೆ ಲೀವ್ ಕೊಟ್ಬಿಡಿ. ಬಸ್ರಿ ಆಗವ್ರೆ."

"ಏ ತಮ್ಮಾ, ಗಂಡಸದು!"

"ಗಂಡು ಅಂತ ಯಾರಮ್ಮಾ ಹೇಳಿದ್ದು ನಿಮ್ಗೆ?"

ಯಾರೂ ಹೇಳಿರಲಿಲ್ಲ. ಮುಖದ ಮೇಲಿನ ಸೊಕ್ಕು ನೋಡಿ ಪೀರಮ್ಮನೇ ತೀರ್ಮಾನಿಸಿಬಿಟ್ಟಿದ್ದಳು.

ಪಗಾರ ಬರುವುದು ಕೈಗೆ, ಹೋಗುವುದು ಬಾಡಿಗೆಗೆ ಮತ್ತು ಬಿಪಿ ಗುಳಿಗೆಗೆ. ಇಂದಿರಾನಗರದ ಪ್ರಾಣಿ ಡಾಕ್ಟರ ಬೋರ್ಡು ನೋಡಿಯೇ ಅವಳು ಹಿಂದೆ ಬಂದಳು. ಆಮೇಲೆ ಸಂತೆಚೀಲದಲ್ಲಿ ಬೆಕ್ಕನ್ನು ಹಾಕಿ, ತಲೆಯಷ್ಟೇ ಹೊರಗೆ ಬಿಟ್ಟು, ಬಸ್ಸು ಹತ್ತಿ ಸರ್ಕಾರಿ ದನದಾಸ್ಪತ್ರೆಗೆ ಹೋದಳು. ಈಗ ಆಪರೇಷನ್ ಮಾಡುವ ಕಾಲ ಮೀರಿದೆ, ಮರಿಗಳು ಹಾಲು ಬಿಟ್ಟ ಮೇಲೆ ಕರೆದುಕೊಂಡು ಬಾ, ಪುಕ್ಕಟೆ ಮಾಡಿಕೊಡುತ್ತೇವೆ, ಅಲ್ಲಿಯವರೆಗೆ ಹೊಟ್ಟೆ ತುಂಬ ಹಾಕು, ಹಾಲು ಮಾತ್ರ ಬೇಡ ಎಂದರು. ಹೊಟ್ಟೆ ತುಂಬ ಹಾಕು ಎನ್ನುವುದು ಸುಲಭ. ಪೀರಮ್ಮ ಖಾದರನ ಹತ್ತಿರ ಒಂದು ಕರಾರು ಮಾಡಿಕೊಂಡಳು. ಸಂಜೆ ಡ್ಯೂಟಿ ಮುಗಿಸಿ ಬಂದು ಅವನ ಅಂಗಡಿಯ ಹಲಗೆ ತೊಳೆದು, ಮುಂದಿನ ಜಾಗ ಗುಡಿಸಿ ಕೊಡುವುದು; ಅದಕ್ಕೆ ಬದಲು ಅವನು ಕೋಳಿಯ ತಲೆ, ಗುಂಡಿಗೆ, ಈಲಿ ಕೊಡುವುದು. ಗ್ಯಾಸು ಉಳಿಸಲು ಅಂಗಳದಲ್ಲಿ ಮೂರು ಇಟ್ಟಿಗೆ ಹೂಡಿ, ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ ಉರಿಸಿ ಅದನ್ನೆಲ್ಲ ಬೇಯಿಸುತ್ತಿದ್ದಳು. ಮೊಟ್ಟೆಯಂಗಡಿಯ ಒಡೆದ ಸಿಪ್ಪೆ ತಂದು ತೊಳೆದು, ಒಣಗಿಸಿ, ಕುಟ್ಟಿ ಚಿಟಿಕೆಯಷ್ಟು ಬೆರೆಸುತ್ತಿದ್ದಳು.

ನಿನ್ನೆ ಸಂಜೆ ಹಲಗೆ ತೊಳೆದು ಮುಗಿಸಿ, "ಯಾಕೋ ಎದಿ ಹಿಡದಂಗಾಗ್ಲಿಕತ್ತದ ಖಾದರ್" ಎಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಅವನು ಆಟೋ ಕರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಹೆಣ ಎತ್ತುವ ಹೊತ್ತಿಗೆ ಖಾದರ್ ಅಂಗಡಿ ಮುಚ್ಚಿ ಬಂದ. ಗುಲಾಬಿ ಹಾರ ಹಾಕಿ, ಜಟ್ಟೆಮ್ಮನನ್ನು ಸನ್ನೆ ಮಾಡಿ ಪಕ್ಕಕ್ಕೆ ಕರೆದ. ಅಂಗಿಯ ಒಳಗಿನಿಂದ ಒಂದು ಕಪ್ಪು ಕವರು ತೆಗೆದ.

"ತಪ್ಪು ತಿಳ್ಕೋಬೇಡಿ. ಸಾವಿನ್ ಮನೆ ಅಂತ ಗೊತ್ತು. ಕೈ ಅಭ್ಯಾಸ ನೋಡಿ, ಬೆಳಿಗ್ಗೆ ಕಟ್ ಮಾಡ್ವಾಗ ಎತ್ತಿಟ್ಬಿಟ್ಟಿದ್ದೆ. ನಿನ್ನೇದೂ ಅಮ್ಮ ತಗೊಂಡ್ ಹೋಗ್ಲಿಲ್ಲ."

ಜಟ್ಟೆಮ್ಮ ಕವರನ್ನು ಸೆರಗಿನಡಿ ಅಡಗಿಸಿಕೊಂಡು ಹೋಗಿ ತನ್ನ ಖೋಲಿಯ ಕಿಟಕಿಯಲ್ಲಿಟ್ಟಳು. ಲಕ್ಷ್ಮಿದೇವಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು.

ಗಂಡಸರು ಪೀರಮ್ಮನನ್ನು ಕುಳಿತ ಭಂಗಿಯಲ್ಲೇ ಎತ್ತಿ ವ್ಯಾನಿಗೆ ಏರಿಸಿದರು. ಹೊರಡುವ ಮುಂಚೆ ಸಾಯಬಣ್ಣ ಹೆಂಡತಿಗೆ ಮತ್ತೊಮ್ಮೆ ಹೇಳಿದ: "ನೆಲಾ ತೊಳಿ, ಆಕಿ ಕುಂತ ಜಾಗಕ್ಕ ದೀಪಾ ಹಚ್ಚು, ಸುತ್ತ ಜೋಳದ ಹಿಟ್ಟು ಸಾಣಿಸು. ಯಾರೂ ಒಳಗ ಹೋಗಬಾರ್ದು. ನಾವು ಬಂದು ದೀಪಾ ನೋಡೋವಾಗ ಆಕಿ ಜೀವ ಯಾವ ರೂಪದಾಗ ಬಂದು ಹೋಗ್ಯದ, ಏನ ಗುರ್ತ ಮೂಡ್ಯಾವ ನೋಡೂನು. ನಮ್ಮಪ್ಪ ಹೋದಾಗ ಎತ್ತಿನ ಹೆಜ್ಜಿ ಮೂಡಿತ್ತು."

ಎತ್ತಿನ ಹೆಜ್ಜೆ ಮೂಡಿದ್ದು ನಿಜವೇ. ಆ ದಿನ ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತೆಂದು ಅತ್ತೆ ಸಾಯುವ ಮುಂಚೆ ಜಟ್ಟೆಮ್ಮನಿಗೆ ಹೇಳಿದ್ದಳು. ಜಟ್ಟೆಮ್ಮ ಅದನ್ನೂ ಯಾರಿಗೂ ಹೇಳಿರಲಿಲ್ಲ.

ಮುತ್ತಣ್ಣ ಸಿಮೆಂಟು ಚೀಲವನ್ನು ಬಚ್ಚಲಿನ ಬಾಗಿಲಿಗೆ ಸಿಕ್ಕಿಸಿ ವ್ಯಾನು ಹತ್ತಿದ.

*

ಆ ಬೆಕ್ಕಿನ ದೆಸೆಯಿಂದ ಜಟ್ಟೆಮ್ಮ ಮತ್ತು ಪೀರಮ್ಮ ಒಮ್ಮೆ ಮಾತು ಬಿಟ್ಟಿದ್ದರು. ಇಟ್ಟಿಗೆ ಒಲೆಯ ಹೊಗೆಯೆಲ್ಲ ಜಟ್ಟೆಮ್ಮ ಒಣಹಾಕಿದ್ದ ಬಟ್ಟೆಗೆ ಬಡಿದಿತ್ತು. ಅದೊಂದು ನೆಪ ಸಿಕ್ಕಿದ್ದೇ ಅವಳು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು.

"ಊರಿಗೆಲ್ಲಾ ನಗೆಗೀಡಾಗ್ಲಿಕತ್ತಿ ಅಕ್ಕಾ. ಅಲ್ಲಿ ಸೊಸಿ ಬಸುರದಾಳ, ಆಕಿಗೊಂದು ತತ್ತಿ ಒಯ್ದು ಕೊಟ್ಟಿಲ್ಲ. ಇಲ್ಲಿ ಬೆಕ್ಕಿನ ಬಾಣಂತನಕ್ಕ ನಿಂತೀದಿ!"

ಪೀರಮ್ಮ ಒಲೆ ಊದುವುದನ್ನು ನಿಲ್ಲಿಸಲಿಲ್ಲ.

"ಸೊಸಿಗೆ ಗಂಡದಾನ, ತವರಮನಿ ಅದ. ಇದಕ್ಕ ಯಾರದಾರ?"

"ಬೆಕ್ಕಿಗೆ ಯಾರ ಇರ್ತಾರ? ಅದರ ಪಾಡಿಗೆ ಅದು ಹಡಿತದ."

"ಹಡಿತದ. ನಾನೂ ಹಡದೆ," ಎಂದಳು ಪೀರಮ್ಮ. "ದೊಡ್ಡ ಬಿಲ್ಡಿಂಗಿನ ಕೆಲಸಕ್ಕ ಬಂದಿದ್ವಿ. ಮುತ್ತಣ್ಣನಪ್ಪ ಊರಿಗೆ ಹೋದಾಂವ ತಿರುಗಿ ಬರ್ಲಿಲ್ಲ. ಶೆಡ್ಡಿನ್ಯಾಗ ಸಿಮೆಂಟ ಚೀಲಾ ಹಾಸ್ಕೊಂಡು ಮುತ್ತಣ್ಣನ್ನ ಹಡದೆ. ಬಾಯಿಗೆ ನೀರ ಬಿಡಾಕ ಒಬ್ರಿಲ್ಲ. ಮೂರನೇ ದಿನಕ್ಕ ಮತ್ತ ಕಲ್ಲ ಹೊತ್ತೆ." ಹೊಗೆಗೆ ಕಣ್ಣುಜ್ಜಿಕೊಂಡಳು. "ಇದು ಹಡಿಯೋವಾಗ ನಾ ಬಾಜೂಕ ಇರ್ತೀನಿ. ನಗೋರು ನಗ್ಲಿ."

ಜಟ್ಟೆಮ್ಮ ಬಟ್ಟೆಗಳನ್ನು ತೆಗೆದು ಹಿತ್ತಲ ಹಗ್ಗಕ್ಕೆ ಹಾಕಿದಳು. ಎರಡು ದಿನ ಬಿಟ್ಟು ತಾನಾಗಿಯೇ ಹೋಗಿ ಅರ್ಧ ರೊಟ್ಟಿ ಕೊಟ್ಟು ಬಂದಳು, ಬೆಕ್ಕಿಗಲ್ಲ, ಪೀರಮ್ಮನಿಗೆ. ಬೆಕ್ಕು ಅಂದರೆ ಅವಳಿಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಅಷ್ಟೇ.

*

ವ್ಯಾನು ಹೋದ ಮೇಲೆ ಜಟ್ಟೆಮ್ಮ ನೆಲ ತೊಳೆದಳು, ದೀಪ ಹಚ್ಚಿದಳು. ಪೀರಮ್ಮನ ಬಟ್ಟೆಯ ಗಂಟನ್ನು ಹೆಣದ ಜೊತೆ ಒಯ್ದು ಎಸೆಯಬೇಕಿತ್ತು. ಗಡಿಬಿಡಿಯಲ್ಲಿ ಮರೆತು ಹೋಗಿದ್ದರು. ಅದನ್ನು ಗೋಡೆಗೆ ಸರಿಸಿ, ದೀಪದಿಂದ ಹೊಸ್ತಿಲವರೆಗೆ ಜೋಳದ ಹಿಟ್ಟನ್ನು ತೆಳ್ಳಗೆ ಸಾಣಿಸಿದಳು. ಆಮೇಲೆ ಸಾಣಿಗೆ ಹಿಡಿದು ಬಾಗಿಲಲ್ಲೇ ಕುಳಿತಳು. ಗೇಟಿನ ಹತ್ತಿರ ನಾಗರತ್ನಾ ಫೋನಿನಲ್ಲಿ ಯಾರಿಗೋ ಬಾಡಿಗೆ ಹೇಳುತ್ತಿದ್ದಳು.

ಬಚ್ಚಲಿನ ಕೂಗು ನಿಂತಿತ್ತು. ಅದು ನಿಂತದ್ದೇ ಜಟ್ಟೆಮ್ಮನಿಗೆ ದಿಗಿಲಾಯಿತು. ಕಿವಿಗೊಟ್ಟಳು. ಕೂಗಲ್ಲ, ಒಳಗೊಳಗೇ ನರಳುವ ಸದ್ದು. ಮೂರು ಹೆತ್ತವಳಿಗೆ ಆ ಸದ್ದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಸಿ ನೆಲ, ಕತ್ತಲೆ, ಬಾಗಿಲಿಗೆ ಸಿಕ್ಕಿಸಿದ ಚೀಲ.

"ನಿನ್ನ ಹೆಣಾ ಎತ್ಲಿ, ಇವತ್ತೇ ಬೇಕಿತ್ತೇನು ನಿನಗ?" ಎಂದು ಬೈದುಕೊಳ್ಳುತ್ತಲೇ ಎದ್ದಳು. ಮೊಣಕಾಲಿನಿಂದ ಬಾಗಿಲು ಒತ್ತಿದಳು, ಕೊಂಚ ಮೇಲೆತ್ತಿದಳು, ಚಿಲಕ ಸರಿಸಿದಳು. ಒಂದಿಷ್ಟೂ ಸದ್ದಾಗಲಿಲ್ಲ.

ಬೆಕ್ಕು ಅವಳ ಕಡೆ ನೋಡಲೂ ಇಲ್ಲ. ನೆನೆದ ಕಾಲುಗಳಲ್ಲಿ ನೇರ ಪೀರಮ್ಮನ ಖೋಲಿಗೆ ನಡೆಯಿತು. ಹಿಟ್ಟಿನ ಮೇಲೆ ಹಾದು, ದೀಪ ಸುತ್ತಿ, ಬಟ್ಟೆಯ ಗಂಟಿನ ಮೇಲೆ ಹತ್ತಿ, ಒಂದು ಸೀರೆಯ ಮಡಿಕೆಯನ್ನು ಕಾಲಿನಿಂದ ಕೆದರಿ ಮಲಗಿತು. ಸ್ವಲ್ಪ ಹೊತ್ತಿಗೆಲ್ಲ ಮೊದಲನೆಯ ಮರಿ ಬಿತ್ತು.

ಬೀದಿಯಲ್ಲಿ ವ್ಯಾನು ನಿಂತ ಸದ್ದು. ನಲ್ಲಿಯ ಹತ್ತಿರ ಗಂಡಸರು ಕಾಲು ತೊಳೆದುಕೊಳ್ಳುತ್ತಿದ್ದರು. ಜಟ್ಟೆಮ್ಮನ ಕೈಯಲ್ಲಿದ್ದ ಸಾಣಿಗೆಯಲ್ಲಿ ಇನ್ನೂ ಹಿಟ್ಟು ಉಳಿದಿತ್ತು. ಒಮ್ಮೆ ಆಡಿಸಿದ್ದರೆ ಹೆಜ್ಜೆಗಳೆಲ್ಲ ಮುಚ್ಚಿಹೋಗುತ್ತಿದ್ದವು. ಅವಳು ಸಾಣಿಗೆಯನ್ನು ಮೊಳೆಗೆ ತೂಗುಹಾಕಿ, ಗೀರು ಬಿದ್ದ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೊಸ್ತಿಲ ಹೊರಗೆ ಕುಳಿತಳು. "ಅಕ್ಕಾ" ಎಂದು ದನಿ ತೆಗೆದಳು. ಬಂದವರ ಕಣ್ಣಿಗೆ ಅಳುತ್ತಾ ಕಾಣಬೇಕೆಂದೇ ತೆಗೆದ ದನಿ ಅದು. ಆದರೆ ಬೆಳಗಿನಿಂದ ಬಾರದ ಅಳು ಈಗ ನಿಜವಾಗಿಯೇ ಬಂತು.

ದೀಪ ನೋಡಲು ಮೊದಲು ಬಂದವನು ಸಾಯಬಣ್ಣ. ಹೊಸ್ತಿಲಲ್ಲೇ ನಿಂತುಬಿಟ್ಟ.

"ಯಪ್ಪಾ! ಮುತ್ತಣ್ಣ, ಬಾ ಇಲ್ಲಿ."

ಮುತ್ತಣ್ಣ ನೋಡಿದ. ಹಿಟ್ಟಿನಲ್ಲಿ ಹೆಜ್ಜೆಗಳು ಒಳಗೆ ಹೋಗಿದ್ದವು, ಹೊರಗೆ ಬಂದಿರಲಿಲ್ಲ. ಅವನು ಓಡಿಹೋಗಿ ಬಚ್ಚಲು ನೋಡಿಕೊಂಡು ಬಂದ. ಚಿಲಕ ಪೂರ್ತಿ ಸರಿದಿತ್ತು.

"ನಾನೇ ಬಡದ ಹಾಕಿದ್ದೆ. ಯಾರ ತೆಗದ್ರು?"

"ನಾನ್ ಇಲ್ಲೇ ಇದ್ದೆ ಕಣಪ್ಪಾ, ಬಡಿದ ಸದ್ದು ಕೇಳಿಸ್ಲೇ ಇಲ್ಲ," ಎಂದಳು ನಾಗರತ್ನಾ. ಎಚ್ಚರವಾಗಿ ಬಂದ ಲಕ್ಷ್ಮಿದೇವಿಯೂ ತನಗೆ ಏನೂ ಕೇಳಲಿಲ್ಲವೆಂದಳು. ಎಲ್ಲರೂ ಜಟ್ಟೆಮ್ಮನನ್ನು ನೋಡಿದರು. ಅವಳು ಅಳುತ್ತಿದ್ದಳು.

"ಸಪ್ಪಳಿಲ್ದ ತೆಗಿಯೋದು ಅವ್ವಗೊಬ್ಬಾಕಿಗೇ ಬರ್ತಿತ್ತು," ಎಂದ ಮುತ್ತಣ್ಣ.

ನಾಗರತ್ನಾ ಕೆನ್ನೆ ಕೆನ್ನೆ ಬಡಿದುಕೊಂಡು, "ಹನ್ನೊಂದ್ ದಿನ ದೀಪ ಇರ್ಲೇಬೇಕಲ್ವಾ... ಮರಿ ಕಣ್ಣು ಬಿಡೋವರ್ಗೂ ಇರ್ಲಿ ಬಿಡಿ. ನನ್ಗೇನೂ ಅವ್ಸರ ಇಲ್ಲ," ಎಂದಳು. ಸಾಯಬಣ್ಣ ಹೆಂಡತಿಯ ಕಿವಿಯ ಹತ್ತಿರ ಬಾಗಿ, "ಅದಕ್ಕೇನರ ತಿನ್ನಾಕ ಹಾಕಬೇಕಲ್ಲ?" ಎಂದು ಪಿಸುಗುಟ್ಟಿದ. ಜಟ್ಟೆಮ್ಮ ಮೂಗು ಒರೆಸಿಕೊಂಡು ತನ್ನ ಕಿಟಕಿಯ ಕಡೆ ಕೈ ತೋರಿಸಿದಳು.

ಮುತ್ತಣ್ಣ ಬಚ್ಚಲಿನ ಬಾಗಿಲಿಗೆ ಸಿಕ್ಕಿಸಿದ್ದ ಚೀಲವನ್ನು ತಂದ. ಅಂಗಳದಲ್ಲಿ ಅದನ್ನು ಎರಡು ಸಲ ಜಾಡಿಸಿದ, ಬೂದು ಧೂಳು ಹಾರಿತು. ಎರಡು ಮಡಿಕೆ ಮಾಡಿದ. ಒಂದು ಹೆಜ್ಜೆಯನ್ನೂ ತುಳಿಯದೆ, ಗೋಡೆಗುಂಟ ಅಡ್ಡಡ್ಡ ಸರಿಯುತ್ತ ಒಳಗೆ ಹೋಗಿ, ಮಂಡಿಯೂರಿ, ತಣ್ಣನೆಯ ನೆಲದ ಮೇಲೆ ಗಂಟಿನ ಅಡಿಗೆ ಆ ಸಿಮೆಂಟು ಚೀಲವನ್ನು ಹಾಸಿದ.