ಅಕ್ಕನ ನಂಬರು

ಕಚೇರಿಯಲ್ಲಿ ಅವನ ಹೆಸರು ಚಟಪಟ. ಕೀಬೋರ್ಡಿನ ಮೇಲೆ ಅವನ ಬೆರಳು ಬಿದ್ದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸದ್ದು, ಆ ಸದ್ದಿಗೇ ಇಟ್ಟ ಹೆಸರು. ಮೂರು ತಿಂಗಳಿಂದ ಅವನಿಗೆ ಒಂದೇ ಹುಚ್ಚು ಹಿಡಿದಿತ್ತು: ಪಟ್ಟಣ ಕಚೇರಿಯ ಕಂಪ್ಯೂಟರಿಗೂ ಮೇಲಿನ ಸರ್ಕಾರದ ಕಂಪ್ಯೂಟರಿಗೂ ಮಾತು ಬೆಳೆಸುವುದು. ಎರಡೂ ಸರ್ಕಾರದವೇ, ಆದರೆ ಮುಖ ಕೊಟ್ಟು ಮಾತಾಡದ ಓರಗಿತ್ತಿಯರ ಹಾಗೆ ಇದ್ದವು. ಜನ ಇಲ್ಲಿಂದ ಒಂದು ಕಾಗದ ಹೊತ್ತು ಅಲ್ಲಿಗೆ ಹೋಗಬೇಕು, ಅಲ್ಲಿಂದ ಇನ್ನೊಂದು ಹೊತ್ತು ಇಲ್ಲಿಗೆ ಬರಬೇಕು. ಅವನ ಅಕ್ಕ ಶಾಲೆಯ ವ್ಯಾನ್ ಓಡಿಸುವವಳು. ಹೋದ ವರ್ಷ ಲೈಸೆನ್ಸ್ ನವೀಕರಣಕ್ಕೆ ಮೂರು ಸಾಲಿನಲ್ಲಿ ನಿಂತು, ಮೂರು ಕಡೆಯೂ ಅದೇ ವಿಳಾಸ ಬರೆದುಕೊಟ್ಟು, ಒಂದು ದಿನದ ಕೆಲಸ ಕಳೆದುಕೊಂಡು ಬಂದಿದ್ದಳು. ನಾನಿರೋ ಮನೆ ಎಲ್ಲಿದೆ ಅಂತ ಇವರಿಗೆ ಎಷ್ಟು ಸಲ ಹೇಳ್ಬೇಕೋ ಎಂದು ಚಪ್ಪಲಿ ಬಿಸಾಕಿದ್ದಳು. ಚಟಪಟ ಆವತ್ತೇ ಪಣ ತೊಟ್ಟಿದ್ದ.

ಮೇಲಿನ ಕಚೇರಿಯವರು ಒಂದು ಫಾರಂ ಕಳಿಸಿದ್ದರು. ಒಬ್ಬ ಮನುಷ್ಯನ ಬಗ್ಗೆ ನಲವತ್ತೊಂದು ಕಾಲಂ. ಯಾವುದು ಬೇಕೋ ಅದಕ್ಕೆ ಗುರುತು ಹಾಕಿ, ಯಾಕೆ ಬೇಕು ಅಂತ ಪಕ್ಕದಲ್ಲಿ ಒಂದೊಂದಕ್ಕೂ ಕಾರಣ ಬರೆಯಬೇಕು. ಕೆಳಗೆ ‘ಎಲ್ಲವೂ’ ಅಂತ ಒಂದೇ ಚೌಕ, ಅದಕ್ಕೆ ಒಂದೇ ಕಾರಣ. ಚಟಪಟ ‘ಎಲ್ಲವೂ’ ಒತ್ತಿದ, ‘ಸೇವೆ ಸುಧಾರಣೆಗಾಗಿ’ ಎಂದು ಬರೆದ, ಮುಗಿಯಿತು. ಎದುರು ಮೇಜಿನ ಹಳೇ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ನಲವತ್ತೊಂದೂ ಯಾಕಪ್ಪಾ, ಹೆಣ್ಣು ನೋಡೋಕೆ ಹೊರಟಿದೀಯಾ ಎಂದು ಕೇಳಿದ್ದರು. ಅವನು ನಕ್ಕು ತಳ್ಳಿಹಾಕಿದ್ದ.

ಪರೀಕ್ಷೆಯ ದಿನಗಳಲ್ಲಿ ಯಾರ ಗುರುತಿನ ಚೀಟಿಯ ನಂಬರ್ ಹಾಕಿದರೂ ಮೇಲಿನಿಂದ ಒಬ್ಬನೇ ಸುಳ್ಳು ಮನುಷ್ಯ ಇಳಿದು ಬರುತ್ತಿದ್ದ. ವಯಸ್ಸು ನೂರು, ವಿಳಾಸ ಒಂದನೇ ಬೀದಿ. ಆದರೂ ಹಾಕಲು ನಿಜವಾದ ಒಂದು ನಂಬರ್ ಬೇಕಲ್ಲ, ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಅಕ್ಕನದು. ಅವಳ ಅರ್ಜಿಗಳನ್ನೆಲ್ಲ ತುಂಬುವವನು ಅವನೇ ತಾನೆ. ದಿನಕ್ಕೆ ಐವತ್ತು ಸಲ ಅದನ್ನೇ ಹೊಡೆದ. ನಿಮ್ಮಕ್ಕನಿಗೆ ನೂರು ತುಂಬ್ತಂತೆ, ಸಿಹಿ ಎಲ್ಲಿ ಎಂದು ಗುಮಾಸ್ತರು ರೇಗಿಸುತ್ತಿದ್ದರು.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಮೇಲಿನವರು ನಿಜವಾದ ಮಾಹಿತಿಯ ಬಾಗಿಲು ತೆರೆದರು. ಹತ್ತೂವರೆಗೆ ಸಭಾಂಗಣದಲ್ಲಿ ಪ್ರದರ್ಶನ. ಅರವತ್ತು ಕುರ್ಚಿ, ಅರವತ್ತೂ ಭರ್ತಿ. ವಾರ್ಡಿನ ಸದಸ್ಯರು, ಆಸ್ಪತ್ರೆಯವರು, ನೀರಿನ ವಿಭಾಗದವರು, ಶಾಲೆಗಳ ಮುಖ್ಯಸ್ಥರು. ತೋರಿಸಲಿಕ್ಕೆಂದೇ ಮೇಲಿನವರು ಕೊಟ್ಟ ಒಂದು ಸುಳ್ಳು ನಂಬರನ್ನು ಚಟಪಟ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಮೈಕ್ ಹಿಡಿದು ಮಾತು ಶುರುಮಾಡಿದವನಿಗೆ ಅದರ ನೆನಪೇ ಹಾರಿತು. ಇನ್ನು ಮೇಲೆ ಜನ ಯಾವ ಕಾಗದವನ್ನೂ ಹೊರಬೇಕಿಲ್ಲ, ನೋಡಿ ಎಂದ. ಬಾಯಿ ಒಂದು ಕಡೆ ಮಾತಾಡುತ್ತಿತ್ತು, ಬೆರಳುಗಳು ತಮಗೆ ಗೊತ್ತಿದ್ದ ದಾರಿ ಹಿಡಿದವು.

ಪರದೆಯ ಮೇಲೆ ಅಕ್ಕ ಬಂದಳು. ಫೋಟೋ, ಹೆಸರು, ವಿಳಾಸ, ಲೈಸೆನ್ಸು, ಎಲ್ಲ ತಾವಾಗಿಯೇ ತುಂಬಿಕೊಳ್ಳುತ್ತಾ ಹೋದವು. ಜನ ಚಪ್ಪಾಳೆ ತಟ್ಟಿದರು. ಪುಟ ಇನ್ನೂ ಕೆಳಗಿಳಿಯಿತು. ‘ಆರೋಗ್ಯ: ಮಾನಸಿಕ ಚಿಕಿತ್ಸಾ ವಿಭಾಗ, ಒಳರೋಗಿ, ನಲವತ್ತೇಳು ದಿನ.’ ಚಪ್ಪಾಳೆ ಒಂದೊಂದಾಗಿ ನಿಂತಿತು.

ಮೂರು ವರ್ಷದ ಹಿಂದಿನ ಮಾತು ಅದು. ಗೊತ್ತಿದ್ದದ್ದು ಅಕ್ಕನಿಗೆ, ಅಮ್ಮನಿಗೆ, ಅವನಿಗೆ ಮಾತ್ರ. ಅಕ್ಕಪಕ್ಕದವರಿಗೆ ಅವಳು ತರಬೇತಿಗೆ ಹೋಗಿದ್ದಾಳೆ ಎಂದು ಹೇಳಿದ್ದರು.

ಚಟಪಟನಿಗೆ ಯಾವ ಗುಂಡಿ ಒತ್ತಬೇಕೆಂಬುದೇ ಮರೆತುಹೋಯಿತು. ಎದ್ದು ಓಡಿ ಪರದೆಗೆ ಅಡ್ಡ ನಿಂತ. ಪ್ರೊಜೆಕ್ಟರಿನ ಬೆಳಕು ಅವನ ಮೇಲೆ ಬಿತ್ತು, ಅಕ್ಷರಗಳು ಅವನ ಬಿಳಿ ಅಂಗಿಯ ಮೇಲೆ ಬಿದ್ದವು. ಮುಂದಿನ ಸಾಲಿನವರು ಅವನ ಎದೆಯ ಮೇಲೆಯೇ ಅದನ್ನು ಓದಿದರು. ಕೊನೆಗೆ ಹಳೇ ಗುಮಾಸ್ತರು ಹೋಗಿ ಗೋಡೆಯ ಸ್ವಿಚ್ ಆರಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ಅದು ಬರೀ ಕೈತಪ್ಪು ಅನ್ನಿಸಿಕೊಳ್ಳುತ್ತಿತ್ತು. ಚಹಾ ವಿರಾಮದಲ್ಲಿ ಶಾಲೆಯ ಹೆಡ್ ಮೇಡಂ ಬಟ್ಟಲು ಹಿಡಿದು ಹತ್ತಿರ ಬಂದರು. ದನಿ ತಗ್ಗಿಸಿ ಕೇಳಿದರು: “ಆಗ ತೋರಿಸಿದ್ದು ನಮ್ಮ ವ್ಯಾನ್ ಡ್ರೈವರ್ ಅಲ್ವಾ? ನಿಮಗೆ ಗೊತ್ತಾ ಅವರು?”

“ಇಲ್ಲ ಮೇಡಂ, ಯಾರೋ ಏನೋ. ಸುಮ್ನೆ ಬಾಯಿಗೆ ಬಂದ ಒಂದು ನಂಬರ್ ಹಾಕ್ದೆ.”

ಮಾತು ಹೊರಗೆ ಬಿದ್ದಾದ ಮೇಲೆ ಅದು ತನ್ನದೇ ದನಿ ಎಂದು ಅವನಿಗೆ ತಿಳಿಯಿತು. ಪಕ್ಕದಲ್ಲಿದ್ದ ಗುಮಾಸ್ತರು ಅವನ ಮುಖ ನೋಡಲಿಲ್ಲ, ಬಟ್ಟಲಿನಲ್ಲಿ ಚಹಾ ಇಲ್ಲದಿದ್ದರೂ ಒಂದು ಗುಟುಕು ಕುಡಿದರು. ನೆಲ ಬಾಯಿ ಬಿಡಬಾರದೇ ಅಂದುಕೊಂಡ. ಸಭಾಂಗಣದ ನೆಲ ಗಟ್ಟಿ ಸಿಮೆಂಟಿನದು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ಬೇರೆ ಬೆನ್ನು ತಟ್ಟಿ, ಎಷ್ಟು ಸಂಪೂರ್ಣ ಮಾಹಿತಿ ನೋಡ್ರೀ ಎಂದು ಹೊಗಳಿ ಹೋದರು.

ನಾಲ್ಕು ಗಂಟೆಗೆ ಅವನು ಶಾಲೆಯ ಹಿಂದಿನ ವ್ಯಾನ್ ನಿಲ್ದಾಣಕ್ಕೆ ಹೋದ. ಬೇರೆಯವರಿಂದ ತಿಳಿಯುವ ಮೊದಲು ತಾನೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದ. ಅಕ್ಕ ಖಾಲಿ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಊಟದ ಡಬ್ಬಿ, ಕೂರಲು ಹಾಕಿಕೊಳ್ಳುತ್ತಿದ್ದ ದಿಂಬು, ಹಾಜರಿ ಪುಸ್ತಕ, ಎಲ್ಲ ಒಂದು ಚೀಲಕ್ಕೆ ಸೇರಿದ್ದವು. ಮಧ್ಯಾಹ್ನವೇ ಹೆಡ್ ಮೇಡಂ ಕರೆಸಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ಸದ್ಯಕ್ಕೆ ವಿಶ್ರಾಂತಿ ತಗೊಳ್ಳಿ ಎಂದು ಕೀಲಿ ಇಸಿದುಕೊಂಡಿದ್ದರಂತೆ. ಅಕ್ಕ ಅಳುತ್ತಿರಲಿಲ್ಲ. ಕೋಪ ಬಂದಾಗಿನ ಹಾಗೆ ಜೋರಾಗಿ, ತಮಾಷೆಯಾಗಿ ಮಾತಾಡುತ್ತಿದ್ದಳು.

“ನಿಮ್ಮ ಕಚೇರೀಲಿ ಯಾವನೋ ಬಾಯಿಗೆ ಬಂದ ನಂಬರ್ ಹಾಕಿದ್ನಂತೆ. ಊರಲ್ಲಿ ಲಕ್ಷ ಜನ, ಲಾಟರಿ ಹೊಡೆದಿದ್ದು ನನಗೆ. ನೀನು ಅಲ್ಲೇ ಇರ್ತೀಯಲ್ಲ, ಯಾರು ಅಂತ ಪತ್ತೆ ಹಚ್ಚು. ಅವನ ಮುಖ ಒಂದ್ಸಲ ನೋಡ್ಬೇಕು.”

ಜೋಡಿಸಿಟ್ಟ ಮಾತೆಲ್ಲ ಕೈಕೊಟ್ಟಿತು. ಹೇಳದೆ ಉಳಿಯಬಹುದಿತ್ತು. ಯಾರೋ ಹೊಸಬ, ಬಿಟ್ಟು ಹೋದ ಅಂದರೆ ಸಾಕು, ಅಕ್ಕ ನಂಬುತ್ತಿದ್ದಳು. ಅವನು ಏನು ಹೇಳಿದರೂ ನಂಬುತ್ತಿದ್ದಳು.

“ನೋಡ್ತಾ ಇದೀಯಲ್ಲ ಅಕ್ಕ,” ಎಂದ. “ನಾನೇ.”

ನಂಬರ್ ಯಾಕೆ ಬಂತು, ಕಾಲಂ ಹೇಗೆ ತೆರೆಯಿತು, ಎಲ್ಲವನ್ನೂ ಹೇಳಿದ. ಅವನಿಗೆ ಅಭ್ಯಾಸವಿದ್ದ ವೇಗದಲ್ಲೇ ಹೇಳಿದ, ಮೇಡಂಗೆ ಕೊಟ್ಟ ಉತ್ತರ ಹೇಳುವಾಗ ಮಾತ್ರ ತೊದಲಿದ. ಅಕ್ಕ ಆ ತೊದಲಿದ ಜಾಗವನ್ನೇ ಹಿಡಿದಳು.

“ಬೆರಳು ಜಾರ್ತು, ಆಯ್ತು. ನನ್ನ ಕಾಲೂ ಬ್ರೇಕಿನ ಮೇಲೆ ಜಾರಿದೆ. ಯಾರೋ ಏನೋ ಅಂದ್ಯಲ್ಲ, ಅದೂ ಬೆರಳೇ ಅಂತೇನು?”

ಅವನ ತಲೆ ತಾನಾಗಿಯೇ ಬಗ್ಗಿತು.

“ನಲವತ್ತೇಳು ದಿನಾನೂ ಬರ್ತಿದ್ದೆ ನೀನು,” ಎಂದಳು ಅಕ್ಕ, ಈಗ ದನಿ ಇಳಿದಿತ್ತು. “ಅಲ್ಲಿನ ನರ್ಸು ಇಂಥ ತಮ್ಮ ನನಗಿಲ್ಲ ಅಂತಿದ್ಲು. ಕಾಯಿಲೆಗೆ ನಾನು ನಾಚಿಕೆ ಪಟ್ಟಿಲ್ಲ ಕಣೋ. ಊರವರ ಬಾಯಿಗೆ ಅಮ್ಮ ಹೆದರ್ತಾಳೆ ಅಂತ ಮುಚ್ಚಿಟ್ಟೆ. ನಾಚಿಕೆ ನಿನಗಿತ್ತು ಅಂತ ಇವತ್ತು ಗೊತ್ತಾಯ್ತು.”

ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದಳು. ಅವನು ಹತ್ತು ಹೆಜ್ಜೆ ಹಿಂದೆ ನಡೆದ. ಚೀಲ ತಾನು ಹಿಡಿಯುತ್ತೇನೆ ಎನ್ನುವ ಧೈರ್ಯವೂ ಬರಲಿಲ್ಲ.

ಮರುದಿನ ಬೆಳಗ್ಗೆ ಮೊದಲ ಗಂಟೆಗೂ ಮುಂಚೆ ಅವನು ಹೆಡ್ ಮೇಡಂ ಕೋಣೆಯ ಮುಂದಿದ್ದ. ಅವರು ನನ್ನ ಸ್ವಂತ ಅಕ್ಕ, ನಿನ್ನೆ ಸುಳ್ಳು ಹೇಳಿದೆ, ಆ ಮಾಹಿತಿಯನ್ನು ತೋರಿಸಲು ನನಗೆ ಹಕ್ಕೇ ಇರಲಿಲ್ಲ ಎಂದು ನಾಲ್ಕು ಜನ ಮೇಷ್ಟ್ರುಗಳ ಎದುರೇ ಹೇಳಿದ, ಅದನ್ನೇ ಬರೆದು ಸಹಿ ಹಾಕಿ ಕೊಟ್ಟ. ಮೇಡಂ ಕೆಟ್ಟವರಲ್ಲ. ಓದಿ, ವೈದ್ಯರ ಪತ್ರ ಒಂದು ತಂದುಕೊಟ್ಟರೆ ಸೋಮವಾರದಿಂದ ವ್ಯಾನ್ ಕೊಡುತ್ತೇನೆ ಎಂದರು. ಆಮೇಲೆ, ಮಕ್ಕಳನ್ನು ಕಳಿಸೋದು ಬಿಡೋದು ತಂದೆ ತಾಯಿಗೆ ಬಿಟ್ಟಿದ್ದು, ಅದು ನನ್ನ ಕೈಲಿಲ್ಲ ಎಂದೂ ಸೇರಿಸಿದರು. ಅಲ್ಲಿಂದ ಅವನು ಕಚೇರಿಗೆ ಹೋಗಿ ‘ಎಲ್ಲವೂ’ ಚೌಕದ ಗುರುತು ತೆಗೆಸಿ, ಬೇಕಾದ ಐದೇ ಕಾಲಮ್ಮಿಗೆ ಕಾರಣ ಬರೆದ. ಅದಕ್ಕೆ ಹಿಡಿದದ್ದು ಕಾಲು ಗಂಟೆ. ಆ ಕಾಲು ಗಂಟೆಯೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ಎಲ್ಲವನ್ನೂ ಅಕ್ಕನಿಗೆ ಒಪ್ಪಿಸಿದ. ಅವಳು ಬಟ್ಟೆ ಮಡಚುತ್ತಾ ಕೇಳಿದಳು.

“ಮೇಷ್ಟ್ರು ನಾಲ್ಕು ಜನ. ಸಭೇಲಿ ಎಷ್ಟು ಜನ ಇದ್ರು?”

“ಅರವತ್ತು. ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ತೀನಿ ಅಕ್ಕ.”

“ಏನಂತ? ಸರಿಯಾಗಿ ಓದದೇ ಇದ್ದೋರಿಗೂ ತಿಳೀಲಿ ಅಂತಾನಾ? ಕೂತ್ಕೋ. ಡಂಗುರ ಹೊಡೆದಿದ್ದು ಸಾಕು.”

ಅವನು ಕೂತ. ಮಾಡಲು ಏನೂ ಉಳಿದಿರಲಿಲ್ಲ ಎಂಬುದು ಬೈಗುಳಕ್ಕಿಂತ ಭಾರವಾಗಿತ್ತು.

ಸೋಮವಾರ ಅಕ್ಕ ವೈದ್ಯರ ಪತ್ರ ಕೊಟ್ಟು ಕೀಲಿ ತಂದಳು. ಮೊದಲ ನಿಲ್ದಾಣ ಅವರ ಬೀದಿಯ ತಿರುವಿನಲ್ಲೇ. ಚಟಪಟ ಕಚೇರಿಗೆ ಹೊರಟವನು ಅಲ್ಲಿ ನಿಂತ. ಐದು ಮಕ್ಕಳಿರಬೇಕಾದ ಜಾಗದಲ್ಲಿ ಮೂವರಿದ್ದರು. ವ್ಯಾನ್ ಬಂದು ನಿಂತಿತು, ಬಾಗಿಲು ತೆರೆಯಿತು, ಇಬ್ಬರು ಹತ್ತಿದರು. ಮೂರನೆಯ ಮಗುವಿನ ತಾಯಿ ಅದರ ಕೈ ಬಿಡದೆ, ಪಕ್ಕದಲ್ಲಿದ್ದ ಅವನನ್ನೇ ಕೇಳಿದಳು.

“ಈ ಡ್ರೈವರ್ ನಿಮಗೆ ಗೊತ್ತಾ?”

“ನಮ್ಮಕ್ಕ,” ಎಂದ, ವ್ಯಾನಿಗೆ ಕೇಳಿಸುವ ಹಾಗೆ.

“ಓ, ಹೌದಾ,” ಎಂದಳು ಆಕೆ. ಅಷ್ಟೇ. ಮಗುವಿನ ಕೈ ಆಕೆಯ ಕೈಯಲ್ಲೇ ಇತ್ತು. ಅಕ್ಕ ಇಬ್ಬರ ಕಡೆಯೂ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಾ ಇಂಜಿನ್ ಆರಿಸಿ, ಬಾಗಿಲು ತೆರೆದಿಟ್ಟುಕೊಂಡೇ ಕಾದಳು.