ಗುಟ್ಟಣ್ಣನ ದೋಣಿ ಎಲ್ಲಿದೆ?

ಗುಟ್ಟಣ್ಣನ ಹೆಂಡತಿ ಜಗಲಿಯಲ್ಲಿ ಕಾಲು ಚಾಚಿ ಕೂತು ಬಲೆ ಸರಿಮಾಡುತ್ತಿದ್ದಳು. ಅಂಚು ಹೀಗೆ ಸೀಳಿದೆಯೆಂದರೆ ಗಂಡ ಮತ್ತೆ ದಕ್ಷಿಣದ ಬಂಡೆಗಳ ಹತ್ತಿರ ಹೋಗಿದ್ದಾನೆ. ಆದರೆ ಯಾರಾದರೂ ಕೇಳಿದರೆ, "ಲೈಟ್‌ಹೌಸ್ ಉತ್ತರಕ್ಕೆ ಹೋಗಿದ್ದೆ" ಎನ್ನುತ್ತಾನೆ. ಮೀನು ಸಿಗುವ ಜಾಗವನ್ನು ಬಾಯಿಬಿಡದ ಅವನಿಗೆ ದೋಣಿ ಕಟ್ಟುವ ದಕ್ಕೆಯವರು ಇಟ್ಟ ಹೆಸರು ಗುಟ್ಟಣ್ಣ.

ಅವಳ ತಂಗಿ ಬಂದರಿನ ರೇಡಿಯೊ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಅವತ್ತು ಮನೆಗೆ ಬಂದವಳ ಕಣ್ಣು ಮೊದಲು ಬಿದ್ದದ್ದು ಅಲಮಾರಿಯ ಮೇಲಿದ್ದ, ಸಮುದ್ರದಿಂದ ಮಾತಾಡುವ ಕೈರೇಡಿಯೊ ಮೇಲೆ.

"ಇದೇನು ಭಾವ, ದೋಣಿಯ ರೇಡಿಯೊನ ಅಲಮಾರಿ ಕಾಯೋಕೆ ಇಟ್ಟಿದ್ದೀರಾ?"

"ಮೊಬೈಲ್ ಇದೆಯಲ್ಲಮ್ಮ. ಇದರಲ್ಲಿ ಕೆಮ್ಮಿದರೂ ಎಲ್ಲ ದೋಣಿಗೂ ಕೇಳುತ್ತೆ. ನನ್ನ ಮೀನಿನ ಜಾಗಕ್ಕೆ ನಾನೇ ಡಂಗುರ ಹೊಡೀಲಾ?"

"ಎಲ್ಲರಿಗೂ ಕೇಳೋದೇ ಇದರ ಗುಣ. ದೂರ ಹೋದ ಮೇಲೆ ಮೊಬೈಲಿಗೆ ಸಿಗ್ನಲ್ ಎಲ್ಲಿ? ಸಿಕ್ಕರೂ ಫೋನ್ ಹೋಗೋದು ಒಬ್ಬರಿಗೆ. ಅವರು ಸ್ನಾನಕ್ಕೆ ಹೋಗಿದ್ದರೆ ಮುಗೀತು ಕಥೆ. ಆಪತ್ತಿನ ಕರೆಗೆ ಇರೋ ಹದಿನಾರನೇ ಚಾನೆಲ್ ಹಾಕಿಟ್ಟು ಸುಮ್ಮನೆ ಕೇಳ್ತಾ ಇರಿ. ಗಾಳಿ ಎದ್ದರೆ ನಾವೇ ಕೂಗಿ ಹೇಳ್ತೀವಿ. ಮೀನಿನ ಸುದ್ದಿ ನಿಮ್ಮನ್ನ ಯಾರು ಕೇಳಿದರು?"

"ತಗೊಂಡು ಹೋಗದಿದ್ದರೆ ನಾಳೆಯಿಂದ ಬಲೆ ನೀವೇ ಹೆಣೀರಿ," ಎಂದಳು ಹೆಂಡತಿ. ಗುಟ್ಟಣ್ಣ ಗೊಣಗುತ್ತಲೇ ರೇಡಿಯೊ ಕೈಗೆತ್ತಿಕೊಂಡ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು ಎಂದು ನಾದಿನಿ ಕಲಿಸಿದಳು. ಜೀವಕ್ಕೆ ಅಪಾಯ ಬಂದರೆ ಮೂರು ಸಲ "ಮೇಡೇ". ಆಮೇಲೆ ದೋಣಿಯ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಹೆಂಡತಿ ತಂಗಿಗೆ ಊಟದ ಡಬ್ಬಿ ಕೊಡಲು ರೇಡಿಯೊ ಕೊಠಡಿಗೆ ಬಂದಿದ್ದಳು. ಆಗಲೇ ರೇಡಿಯೊದಲ್ಲಿ ಗಂಡನ ದನಿ ಕೇಳಿತು.

"ಮೇಡೇ, ಮೇಡೇ, ಮೇಡೇ. ಬೆಳ್ಳಿಗರಿ ದೋಣಿ. ಲೈಟ್‌ಹೌಸ್ ಉತ್ತರಕ್ಕಿದ್ದೀವಿ. ಎಂಜಿನ್ ನಿಂತಿದೆ, ಲಂಗರು ಹಿಡೀತಿಲ್ಲ, ಬಂಡೆ ಕಡೆ ಎಳೀತಿದೆ. ನಾನು, ನನ್ನ ತಮ್ಮ, ಇಬ್ಬರು."

ತಂಗಿ ಉತ್ತರ ಕೊಟ್ಟಳು. ಪಕ್ಕದ ಮನೆಯವನ ದೋಣಿ ಸಮುದ್ರದಲ್ಲೇ ಇತ್ತು. "ನಾನು ಉತ್ತರಕ್ಕೆ ತಿರುಗಿಸ್ತಿದ್ದೀನಿ," ಎಂದ ಅವನು ರೇಡಿಯೊದಲ್ಲೇ.

ಹೆಂಡತಿ ತಂಗಿಯ ಭುಜ ಹಿಡಿದಳು. "ಅವರು ಅಲ್ಲಿಲ್ಲ ಕಣೇ. ಉತ್ತರಕ್ಕೆ ಬರೀ ಮರಳು, ಬಂಡೆ ಎಲ್ಲಿದೆ?"

ತಂಗಿ ಮೈಕನ್ನು ಅವಳ ಕೈಗೇ ಕೊಟ್ಟಳು.

"ರೀ, ನಾನು. ದಿನಾ ನಿಮ್ಮ ಬಲೆ ನೋಡೋಳು ನಾನು, ನನಗೆ ದಿಕ್ಕು ಕಲಿಸಬೇಡಿ. ನಿಜವಾಗಿ ಎಲ್ಲಿದ್ದೀರಿ?"

ಗರಗರ ಸದ್ದಿನ ನಡುವೆ ಅವನ ಉತ್ತರ ಬಂತು.

"ಅಭ್ಯಾಸಬಲ ಕಣೇ, ಬಾಯಿಗೆ ಅದೇ ಬಂತು. ದಕ್ಷಿಣ. ಜೋಡಿಬಂಡೆ ಹತ್ತಿರ." ಜಿಪಿಎಸ್‌ನ ಅಂಕಿಗಳನ್ನೂ ನಿಧಾನವಾಗಿ ಓದಿದ.

"ಓಹೋ, ಅಲ್ಲೇನಪ್ಪಾ ನಿನ್ನ ಗುಟ್ಟು?" ಎಂದ ಪಕ್ಕದ ಮನೆಯವನು.

"ತಮಾಷೆ ದಡಕ್ಕೆ ಬಂದ ಮೇಲೆ. ಚಾನೆಲ್ ಖಾಲಿ ಬಿಡಿ," ಎಂದಳು ತಂಗಿ.

ಪಕ್ಕದ ಮನೆಯವನು ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿ ಬಂದು ಹಗ್ಗ ಎಸೆದಾಗ ಬೆಳ್ಳಿಗರಿಗೂ ಬಂಡೆಗೂ ನಡುವೆ ಉಳಿದದ್ದು ಒಂದು ದೋಣಿಯ ಉದ್ದದಷ್ಟು ನೀರು.

ಸಂಜೆ ಗುಟ್ಟಣ್ಣ ತಲೆ ಒರೆಸಿಕೊಳ್ಳುತ್ತ, "ಮೀನಿನ ಜಾಗ ಊರಿಗೆಲ್ಲ ಗೊತ್ತಾಯ್ತು," ಎಂದು ಪೇಚಾಡಿದ.

"ಸಮುದ್ರ ದೊಡ್ಡದು, ಇನ್ನೊಂದು ಹುಡುಕಿ. ಇನ್ನೊಬ್ಬ ಗಂಡನನ್ನ ನಾನೆಲ್ಲಿ ಹುಡುಕಲಿ?"

ಗುಟ್ಟಣ್ಣ ನಕ್ಕುಬಿಟ್ಟ. ಆಮೇಲೆ ಎದ್ದು ಹೋಗಿ, ಯಾರೂ ಹೇಳದೆಯೇ ರೇಡಿಯೊವನ್ನು ಚಾರ್ಜಿಗೆ ಹಾಕಿದ.

ದೋಣಿಯ ಬಂಧುಗಳೇ, ಮೀನಿನ ಜಾಗ ಬೇಕಾದರೆ ಮುಚ್ಚಿಡಿ, ಆಪತ್ತಿನಲ್ಲಿ ನೀವಿರುವ ಜಾಗವನ್ನು ಮುಚ್ಚಿಡಬೇಡಿ. ರೇಡಿಯೊ ಪೆಟ್ಟಿಗೆಯಲ್ಲಿರದೆ ಕೈಗೆ ಸಿಗುವಂತಿರಲಿ. ಹದಿನಾರನೇ ಚಾನೆಲ್ಲಿನಲ್ಲಿ ಹರಟೆ ಬೇಡ, ಮಾತಿಗೆ ಬೇರೆ ಚಾನೆಲ್ ಇದೆ. ನಿಮ್ಮ ಸೆಟ್ಟಿನಲ್ಲಿ ಆಪತ್ತಿನ ಕೆಂಪು ಗುಂಡಿ ಇದ್ದರೆ ಅದನ್ನು ಬಳಸುವುದನ್ನು ಬಂದರಿನಲ್ಲಿ ಕೇಳಿ ತಿಳಿಯಿರಿ. ದೋಣಿ ಹತ್ತುವ ಪ್ರತಿಯೊಬ್ಬರಿಗೂ ರೇಡಿಯೊ ಬಳಸುವುದನ್ನು ಕಲಿಸಿ. ನೀರಿಗೆ ಬಿದ್ದವರು ನೀವೇ ಆಗಿದ್ದರೆ, ಸಹಾಯಕ್ಕೆ ಕರೆಯಬೇಕಾದವರು ಅವರೇ.